ಅಕ್ಕನ ಮಗಳು ಏನಾಗಬೇಕು?

ತರ್ಕಕ್ಕೂ ನೀಲಪ್ಪನಿಗೂ ಮೊದಲಿನಿಂದ ಯಾವ ದ್ವೇಷವೂ ಇರಲಿಲ್ಲ. ಪರಿಚಯವೇ ಇಲ್ಲದ ಮೇಲೆ ದ್ವೇಷ ಎಲ್ಲಿಂದ ಬರಬೇಕು? ಬಾದಾಮಿ ಕಡೆಯ ಹಳ್ಳಿಯಿಂದ ಬಂದು, ಚಂದಾಪುರದಲ್ಲಿ ನಲ್ಲಪ್ಪನವರ ವಠಾರದಲ್ಲಿ ಒಂದು ಮನೆ ಹಿಡಿದು, ಹೊಸೂರು ರಸ್ತೆ ಪಕ್ಕದ ಕಾರ್ಖಾನೆಯೊಂದರಲ್ಲಿ ಲಾರಿಗಳ ಕನ್ನಡಿಗೆ ಚೌಕಟ್ಟು ಕೂರಿಸುತ್ತ ಅವನು ತನ್ನ ಪಾಡಿಗೆ ತಾನಿದ್ದ. ಹಾಗೆ ಇದ್ದವನ ತಲೆಗೆ ಹುಳ ಬಿಟ್ಟದ್ದು ಕಂಪನಿಯ ಒಂದು ನೋಟೀಸು. ಶಿಫ್ಟ್ ಲೀಡರ್ ಹುದ್ದೆ ಒಂದು ಖಾಲಿ ಇದೆ, ಬೇಕಾದವರು ಪರೀಕ್ಷೆ ಬರೆಯಬಹುದು, ಪರೀಕ್ಷೆಯಲ್ಲಿ ತರ್ಕಶಕ್ತಿಯನ್ನು ಅಳೆಯಲಾಗುವುದು, ಪಾಸಾದವರಲ್ಲಿ ಹಳಬರಿಗೆ ಮೊದಲ ಅವಕಾಶ.

ಹಳಬ ಎಂಬ ಮಾತು ಬಂದರೆ ನೀಲಪ್ಪನಿಗಿಂತ ಹಳಬ ಆ ವಿಭಾಗದಲ್ಲಿ ಇದ್ದದ್ದು ಗೋಡೆ ಗಡಿಯಾರ ಒಂದೇ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ನೀಲಪ್ಪ ಅಂದೇ ಊರಿಗೆ ಫೋನು ಮಾಡಿ, ಇನ್ನು ಮೇಲೆ ತನಗೆ ಶಿಫ್ಟ್ ಲೀಡರುಗಳು ತೊಡುವ ನೀಲಿ ಅಂಗಿ ಎಂದು ಅಕ್ಕ ಚನ್ನಕ್ಕನಿಗೆ ತಿಳಿಸಿಬಿಟ್ಟ. ಆಮೇಲೆ ಚಂದಾಪುರ ಸರ್ಕಲ್ಲಿನ ಫುಟ್‌ಪಾತಿನಲ್ಲಿ ತರ್ಕದ ಪುಸ್ತಕವೊಂದನ್ನು ಕೊಂಡು ಬಂದ.

ಪುಸ್ತಕದ ಮೊದಲ ಪಾಠದಲ್ಲಿ ಎಲ್ಲ ಬೆಕ್ಕುಗಳೂ ನಾಯಿಗಳಾಗಿದ್ದವು. ಎಲ್ಲ ನಾಯಿಗಳೂ ಕುರ್ಚಿಗಳಾಗಿದ್ದವು. ಹಾಗಾದರೆ ಎಲ್ಲ ಬೆಕ್ಕುಗಳೂ ಕುರ್ಚಿಗಳೇ ಎಂದು ನೀಲಪ್ಪ ಹೆಂಡತಿ ಭಾಗ್ಯಶ್ರೀಯನ್ನು ಕೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದವಳು, ಕುಂತು ನೋಡಿದರೆ ಗೊತ್ತಾಗುತ್ತದೆ, ಪರಚಿದರೆ ಬೆಕ್ಕು ಎಂದಳು. ತರ್ಕ ಎಲ್ಲರಿಗೂ ದಕ್ಕುವಂಥದ್ದಲ್ಲ ಎಂದು ನೀಲಪ್ಪನಿಗೆ ಅವಳ ಮೇಲೆ ಕನಿಕರ ಹುಟ್ಟಿತು. ಆ ವಾರವೆಲ್ಲ ಅವನು ಮನೆಯಲ್ಲಿ ಯಾವ ಮಾತನ್ನೂ ಸುಮ್ಮನೆ ಬಿಡಲಿಲ್ಲ. ನೀರು ಬಂತು ಎಂದು ಅವಳು ಕೂಗಿದರೆ, ಇದು ಹೇಳಿಕೆಯೋ ತೀರ್ಮಾನವೋ ಎಂದು ವಿಚಾರಿಸುತ್ತಿದ್ದ. ವಿಚಾರ ಮುಗಿಯುವಷ್ಟರಲ್ಲಿ ನಲ್ಲಿ ನಿಂತಿರುತ್ತಿತ್ತು.

ಈ ಭಾಗ್ಯಶ್ರೀ ಬೇರೆ ಯಾರೂ ಅಲ್ಲ, ಚನ್ನಕ್ಕನ ಹಿರಿಯ ಮಗಳು. ಅಂದರೆ ನೀಲಪ್ಪ ಒಡಹುಟ್ಟಿದ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ಅವರ ಕಡೆ ಇದು ತಲೆತಲಾಂತರದ ರೂಢಿ. ಅಕ್ಕನ ಮಗಳ ಮೇಲೆ ಮೊದಲ ಹಕ್ಕು ಸೋದರಮಾವನದು, ಅವನು ಒಲ್ಲೆ ಅಂದ ಮೇಲೆ ಹೊರಗಿನವರ ಮಾತು. ಭಾಗ್ಯಶ್ರೀ ಹುಟ್ಟಿದಾಗಿನಿಂದ ಅವನನ್ನು ಮಾಮಾ ಎಂದು ಕರೆದವಳು. ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ ಏನ್ರಿ ಅನ್ನುವುದನ್ನು ಕಲಿತಿದ್ದಳು, ಸಿಟ್ಟು ಬಂದರೆ ಮಾತ್ರ ಮಾಮಾ ಎಂಬುದೇ ಬಾಯಿಗೆ ಬರುತ್ತಿತ್ತು. ಅವಳ ತಂಗಿ ಶಾಂಭವಿಯೂ ಅದೇ ಮನೆಯಲ್ಲಿದ್ದು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಕಾಲರ್ ಹೊಲಿಯಲು ಹೋಗುತ್ತಿದ್ದಳು.

ಆ ಹೊತ್ತಿಗೆ ಶಾಂಭವಿಯ ಮದುವೆಯ ಮಾತು ನಡೆದಿತ್ತು. ಹುಡುಗ ಹಣಮಂತ, ನೀಲಪ್ಪನ ಕಾರ್ಖಾನೆಯಲ್ಲೇ ಕೆಲಸ, ಗುಳೇದಗುಡ್ಡದ ಕಡೆಯವನು. ಹುಡುಗ ಹುಡುಗಿ ಆಗಲೇ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಚಂದಾಪುರದ ಸಂತೆಯಲ್ಲಿ ಇಬ್ಬರೂ ಒಂದೇ ಗಾಡಿಯ ಹತ್ತಿರ ಬಹಳ ಹೊತ್ತು ಬದನೆಕಾಯಿ ಆರಿಸುವುದನ್ನು ಇಡೀ ವಠಾರ ನೋಡಿತ್ತು. ಹುಡುಗನ ತಂದೆ ಮುತ್ತಣ್ಣ ಬರುವ ಭಾನುವಾರ ಬಂದು ಎಲೆ ಅಡಿಕೆ ಹಿಡಿದರೆ ಆಯಿತು. ಗಂಡನಿಲ್ಲದ ಚನ್ನಕ್ಕ ಊರಲ್ಲಿ ಕೂತು, ದೇವರೇ ಇದೊಂದು ದಾಟಿಸು ಎಂದು ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಳು. ದಾಟಿಸುವ ಜವಾಬ್ದಾರಿಯನ್ನು ಎಲ್ಲಮ್ಮನೂ ಚನ್ನಕ್ಕನೂ ಕೂಡಿ ನೀಲಪ್ಪನ ಹೆಗಲಿಗೆ ಹಾಕಿದ್ದರು. ಆ ಹೆಗಲ ಮೇಲೆ ಈಗ ತರ್ಕ ಕೂತಿತ್ತು.

ಪರೀಕ್ಷೆ ಕ್ಯಾಂಟೀನಿನಲ್ಲಿ ನಡೆಯಿತು. ಬೆಕ್ಕು, ಕುರ್ಚಿ, ದಿಕ್ಕು, ಗಡಿಯಾರ ಎಲ್ಲ ದಾಟಿ ನೀಲಪ್ಪ ಬೆವರುತ್ತ ಕೊನೆಯ ಪುಟಕ್ಕೆ ಬಂದ. ಅಲ್ಲೊಂದು ಪ್ರಶ್ನೆ: ‘ಒಬ್ಬ ಹುಡುಗಿಗೆ ಬೊಟ್ಟು ಮಾಡಿ ರಮೇಶನು, ಇವಳು ನನ್ನ ತಾಯಿಯ ಒಬ್ಬಳೇ ಮಗಳ ಮಗಳು ಎಂದನು. ಹಾಗಾದರೆ ಆ ಹುಡುಗಿ ರಮೇಶನಿಗೆ ಏನಾಗಬೇಕು?’ ಕೆಳಗೆ ನಾಲ್ಕು ಉತ್ತರ. ಅ, ತಂಗಿ. ಆ, ಸೋದರಿಯ ಮಗಳು. ಇ, ಹೆಂಡತಿ. ಈ, ಅತ್ತೆ.

ನೀಲಪ್ಪನ ಮುಖ ಬೆಲ್ಲ ತಿಂದಂತಾಯಿತು. ಇಷ್ಟು ದೊಡ್ಡ ಕಂಪನಿ ತನ್ನ ಮನೆಯ ವಿಷಯ ಕೇಳುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ತಾಯಿಯ ಒಬ್ಬಳೇ ಮಗಳು ಚನ್ನಕ್ಕ, ಅವಳ ಮಗಳು ಭಾಗ್ಯಶ್ರೀ. ಇ ಉತ್ತರಕ್ಕೆ ಪೆನ್ನು ಮುರಿಯುವ ಹಾಗೆ ಗುರುತು ಹಾಕಿ, ಪಕ್ಕದ ಸಾಲಿನಲ್ಲಿ ಪೆನ್ನು ಕಚ್ಚುತ್ತ ಕೂತಿದ್ದ ಹಣಮಂತನ ಕಡೆ ಹಿರಿಯನಂತೆ ಒಮ್ಮೆ ನೋಡಿ, ಎದ್ದು ಬಂದ.

ಫಲಿತಾಂಶ ಬಂತು. ಪಾಸಾದವನು ಹಣಮಂತ ಒಬ್ಬನೇ. ನೀಲಪ್ಪನಿಗೆ ಒಂದೇ ಒಂದು ಅಂಕ ಕಡಿಮೆ. ಉತ್ತರ ಪತ್ರಿಕೆ ತರಿಸಿ ನೋಡಿದರೆ ಹೆಂಡತಿಯ ಮೇಲೆ ಕೆಂಪು ಇಂಕಿನಲ್ಲಿ ಗೀಟು ಎಳೆದಿದ್ದಾರೆ. ನೀಲಪ್ಪನಿಗೆ ಅದನ್ನು ನೋಡಿ ಮೈ ಉರಿಯಿತು. ಬೆಕ್ಕಿನದೋ ಕುರ್ಚಿಯದೋ ತಪ್ಪಾಗಿದ್ದರೆ ಸಹಿಸಬಹುದಿತ್ತು, ತಾಳಿ ಕಟ್ಟಿದ್ದು ತಪ್ಪು ಅಂದರೆ ಹೇಗೆ?

ಅವನು ಸೀದಾ ಎಚ್.ಆರ್. ಸಾಹೇಬರ ಕೋಣೆಗೆ ಹೋದ. ಸಾಹೇಬರು ಲಖನೌ ಕಡೆಯವರು, ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸರ್ಜಾಪುರದ ಮಹಾಲಕ್ಷ್ಮಿ ಎಂಬ ಹುಡುಗಿ ಅವರ ಆಫೀಸಿನಲ್ಲಿ ಕೂತು ಕನ್ನಡವನ್ನು ಹಿಂದಿ ಮಾಡಿ ಹೇಳುವವಳು. ನೀಲಪ್ಪ ತನ್ನ ವಾದ ಮಂಡಿಸಿದ. ಸೋದರಿಯ ಮಗಳು ಅನ್ನುವುದನ್ನು ಪ್ರಶ್ನೆಯಲ್ಲೇ ಹೇಳಿ ಆಗಿದೆ; ಕೇಳಿದ್ದನ್ನೇ ತಿರುಗಿ ಹೇಳಿದರೆ ಅದು ಉತ್ತರವೇ? ಆಮೇಲೆ ಆಕೆ ಏನಾಗಬೇಕು ಅನ್ನುವುದು ಪ್ರಶ್ನೆ. ಹೆಂಡತಿ ಆಗಬೇಕು, ಆಗಿದ್ದಾಳೆ, ಮನೆಯಲ್ಲಿದ್ದಾಳೆ, ಬೇಕಾದರೆ ಬಂದು ನೋಡಿ.

ಮಹಾಲಕ್ಷ್ಮಿ ಇದನ್ನು ಹಿಂದಿಯಲ್ಲಿ ಹೇಳಿದ ಮೇಲೆ ಸಾಹೇಬರು ಕುರ್ಚಿ ಹಿಂದಕ್ಕೆ ಸರಿಸಿದರು. ಎದ್ದು ಬಾಗಿಲು ಹಾಕಿ ಬಂದರು. ಇವರ ಮೇಲೆ ಪೊಲೀಸ್ ಕೇಸು ಗೀಸು ಏನಾದರೂ ಇದೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಮಹಾಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ತನ್ನ ದೊಡ್ಡಪ್ಪನೂ ಅಕ್ಕನ ಮಗಳನ್ನೇ ಕಟ್ಟಿಕೊಂಡಿದ್ದಾರೆ, ಗೇಟಿನ ಸೆಕ್ಯೂರಿಟಿಯವರದೂ ಹಾಗೆಯೇ, ಕ್ಯಾಂಟೀನಿನ ಭಟ್ಟರನ್ನು ಬಿಟ್ಟರೆ ಇಲ್ಲಿ ಇದು ಯಾರಿಗೂ ಹೊಸದಲ್ಲ ಎಂದಳು. ಸಾಹೇಬರು ಒಂದು ಲೋಟ ನೀರು ಕುಡಿದರು. ಸ್ಥಳೀಯರ ಭಾವನೆಗೆ ಧಕ್ಕೆ ತರಬಾರದು ಎಂದು ಮುಖ್ಯ ಕಚೇರಿಯಿಂದ ಹಿಂದಿನ ತಿಂಗಳಷ್ಟೇ ಸುತ್ತೋಲೆ ಬಂದಿತ್ತು. ಒಂದು ಇಡೀ ಸೀಮೆಯ ಮದುವೆಗಳ ಮೇಲೆ ತಾವು ಕೆಂಪು ಗೀಟು ಎಳೆದೆವೆಂದು ಅವರಿಗೆ ಬೆವರು ಕಿತ್ತುಕೊಂಡಿತು.

ಸಂಜೆಗೆ ಗೇಟಿನ ಬೋರ್ಡಿಗೆ ನೋಟೀಸು ಬಿತ್ತು: ಸ್ಥಳೀಯ ಸಂಪ್ರದಾಯವನ್ನು ಗೌರವಿಸಿ, ಸೋದರಿಯ ಮಗಳ ಪ್ರಶ್ನೆಗೆ ‘ಹೆಂಡತಿ’ ಎಂಬ ಉತ್ತರವನ್ನೂ ಸರಿ ಎಂದು ಪರಿಗಣಿಸಲಾಗಿದೆ, ಶ್ರೀ ನೀಲಪ್ಪ ತೇರ್ಗಡೆ, ಹಳಬರಾದ್ದರಿಂದ ಹುದ್ದೆ ಅವರಿಗೇ.

ಹೀಗೆ ಹಣಮಂತನ ಕೈಗೆ ಬಂದ ತುತ್ತು ನೀಲಪ್ಪನ ಬಾಯಿಗೆ ಬಿತ್ತು. ಹಣಮಂತ ಬಂದು ಕೈಕುಲುಕಿ ಹೋದ. ನೀಲಪ್ಪನ ಕಾಲು ಮಾತ್ರ ನೆಲದ ಮೇಲೆ ನಿಲ್ಲಲಿಲ್ಲ. ಚಹಾ ಅಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ, ನಲ್ಲಿಯ ಹತ್ತಿರ, ಸಿಕ್ಕ ಸಿಕ್ಕವರಿಗೆ ಅವನದು ಒಂದೇ ಪಾಠ: ಅಕ್ಕನ ಮಗಳು ಅಂದರೆ ಹೆಂಡತಿ, ಕಂಪನಿಯೇ ಒಪ್ಪಿಕೊಂಡಿದೆ. ವಠಾರದ ಮಾಲೀಕರು ನಲ್ಲಪ್ಪ, ಚಂದಾಪುರದ ಹಳೇ ಕುಳ, ಅವರಂತೂ ತಮ್ಮನೆಯಲ್ಲೂ ಹಾಗೆಯೇ ಎಂದು ಎದೆ ಉಬ್ಬಿಸಿಕೊಂಡು, ತಾವೂ ಪರೀಕ್ಷೆಗೆ ಕೂತಿದ್ದರೆ ಪಾಸಾಗುತ್ತಿದ್ದೆವು ಎಂದರು. ಬಹುಮತದಿಂದ ತರ್ಕ ಸಾಬೀತಾಗುವುದಾದರೆ ಅವತ್ತು ಚಂದಾಪುರದಲ್ಲಿ ನೀಲಪ್ಪನನ್ನು ಸೋಲಿಸುವವರು ಇರಲಿಲ್ಲ.

ಭಾನುವಾರ ಬೆಳಿಗ್ಗೆ ಮುತ್ತಣ್ಣ ಬಸ್ಸಿಳಿದ. ಮಗ ಕೆಲಸ ಮಾಡುವ ಜಾಗವನ್ನು ಮೊದಲು ನೋಡೋಣವೆಂದು ಕಾರ್ಖಾನೆಯ ಗೇಟಿಗೆ ಹೋಗಿ, ಕನ್ನಡಕ ಹಾಕಿಕೊಂಡು ಬೋರ್ಡು ಓದಿದ. ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ನೀಲಪ್ಪನ ಪಾಠವನ್ನೂ ಪರರ ಬಾಯಿಂದ ಕೇಳಿದ. ವಠಾರಕ್ಕೆ ಬಂದಾಗ ಅವನ ಮುಖ ಇಷ್ಟು ದಪ್ಪವಾಗಿತ್ತು.

ಅಂಗಳದಲ್ಲಿ ಚಾಪೆ ಹಾಸಿತ್ತು. ಭಾಗ್ಯಶ್ರೀ ಉಪ್ಪಿಟ್ಟು ತಂದಿಟ್ಟಳು, ಮುತ್ತಣ್ಣ ಮುಟ್ಟಲಿಲ್ಲ. ಶಾಂಭವಿ ನೀರಿನ ತಂಬಿಗೆ ಇಟ್ಟು ಒಳಗೆ ಹೋದಳು. ಹಣಮಂತ ತಂದೆಯ ಬೆನ್ನ ಹಿಂದೆ ತಲೆ ತಗ್ಗಿಸಿ ಕೂತಿದ್ದ. ಬೀಗರ ಮುಖ ಯಾಕೆ ಹೀಗಿದೆಯೆಂದು ವಿಚಾರಿಸುವ ಬದಲು ನೀಲಪ್ಪ ಪ್ರಯಾಣ ಹೇಗಾಯಿತು ಎಂದು ಕೇಳಿ, ಉತ್ತರ ಬರುವ ಮೊದಲೇ ತನ್ನ ಬಡ್ತಿಯ ಕಥೆ ಶುರು ಮಾಡಿದ. ಮುತ್ತಣ್ಣ ಪೂರಾ ಕೇಳಿಸಿಕೊಂಡ.

“ಈಗ ನೀರು ತಂದಿಟ್ಟಾಕಿ ಯಾರ ಮಗಳು?” ಎಂದು ಕೇಳಿದ.

“ನಮ್ಮಕ್ಕನ ಮಗಳು,” ಎಂದ ನೀಲಪ್ಪ.

“ಹಂಗಾರ ಆಕಿ ನಿನಗ ಏನಾಗಬೇಕು?”

ನೀಲಪ್ಪ ಬಾಯಿ ತೆರೆದ. ಹೆಂಡತಿ ಅಂದರೆ ಮದುವೆ ಮುರಿಯುತ್ತದೆ. ಅಲ್ಲ ಅಂದರೆ ಉತ್ತರ ತಪ್ಪಾಗುತ್ತದೆ, ಉತ್ತರ ತಪ್ಪಾದರೆ ನೀಲಿ ಅಂಗಿ ಹೋಗುತ್ತದೆ. ತೆರೆದ ಬಾಯಿಯನ್ನು ಏನು ಮಾಡಬೇಕೆಂದು ತಿಳಿಯದೆ ಅದಕ್ಕೊಂದು ತುತ್ತು ಉಪ್ಪಿಟ್ಟು ಹಾಕಿ, ಇದು ಸಿಲಬಸ್ಸಿನಲ್ಲಿ ಇಲ್ಲ ಎಂದ.

ಇನ್ನು ತಾವು ನಡುವೆ ಬರಬೇಕೆಂದು, ಚಾಪೆಯ ತುದಿಯಲ್ಲಿ ಕೂತಿದ್ದ ನಲ್ಲಪ್ಪನವರಿಗೆ ಅನಿಸಿತು. ಹಿರಿಯರು, ಒಳ್ಳೆಯ ಮನಸ್ಸಿನವರು, ಅದರ ಮೇಲೆ ಮಾಲೀಕರು. “ಅಂಗೆಲ್ಲಾ ತಲೆ ಕೆಡಿಸ್ಕಬ್ಯಾಡಿ ಗೌಡ್ರೇ. ನಮ್ಮ ತಾತ ಅಕ್ಕನ ಮಕ್ಳು ಇಬ್ರುನ್ನೂ ಕಟ್ಕಂಡಿದ್ದ. ಒಂದೇ ಮನೇಲಿ ಚೆಂದಾಗೇ ಇದ್ರು,” ಎಂದು ಸಮಾಧಾನ ಹೇಳಿದರು.

ಮುತ್ತಣ್ಣ ಟವೆಲ್ಲು ಕೊಡವಿ ಎದ್ದ. “ಸೋದರಮಾವ ಹಕ್ಕು ಬಿಟ್ಟ ಮ್ಯಾಲೆ ಹೊರಗಿನವರು ಹೆಣ್ಣು ಕೇಳೂದು ರೂಢಿ. ನೀ ಬಿಟ್ಟಿಲ್ಲ. ಬಿಟ್ಟಿಲ್ಲ ಅಂತ ಕಂಪನಿ ಬೋರ್ಡಿಗೆ ಹಚ್ಚಿಸೀದಿ. ನನ್ನ ಮಗನ ನೌಕರಿ ತಗೊಂಡಿ, ಇರ್ಲಿ. ಇನ್ನ ಹೆಣ್ಣಿನ ಸಲುವಾಗಿ ನಿನ್ನ ಕೂಡ ನಾ ಜಗಳಾ ಆಡಾಂಗಿಲ್ಲ,” ಎಂದು ಚಪ್ಪಲಿ ಮೆಟ್ಟಿದ. ನಾಳೆ ಸಂಜೆಯ ಬಸ್ಸಿಗೆ ಊರಿಗೆ ಹೊರಡುವುದಾಗಿ ಹೇಳಿ ಮಗನ ಕೋಣೆಯ ಕಡೆ ನಡೆದ. ಹಣಮಂತ ಬಾಗಿಲ ಕಡೆ ಒಮ್ಮೆ ನೋಡಿ ತಂದೆಯ ಹಿಂದೆ ಹೋದ.

ಒಳಗೆ ಶಾಂಭವಿ ಗೋಡೆಗೆ ಮುಖ ಮಾಡಿ ಕೂತು ಅಳುತ್ತಿದ್ದಳು. ನೀಲಪ್ಪ ಹೊಸ್ತಿಲಲ್ಲಿ ನಿಂತು, ಮುತ್ತಣ್ಣನ ವಾದದಲ್ಲಿ ಎಲ್ಲಿ ದೋಷವಿದೆ ಎಂಬುದನ್ನು ವಿವರಿಸಲು ಪುಸ್ತಕ ತೆರೆದ. ಭಾಗ್ಯಶ್ರೀ ಅವನ ಕೈಯಿಂದ ಪುಸ್ತಕ ತೆಗೆದುಕೊಂಡು ಕಟ್ಟೆಯ ಮೇಲಿಟ್ಟಳು.

“ಮಾಮಾ, ನಮ್ಮವ್ವ ಇಬ್ಬರನ್ನ ಹಡದಾಳ. ನೀ ಒಬ್ಬಾಕಿನ್ನ ಕಟ್ಕೊಂಡಿ. ಅಕ್ಕನ ಮಗಳು ಅಂದ್ರ ಹೆಂಡತಿ ಆದ್ರ, ಇನ್ನೊಬ್ಬಾಕಿನ್ನ ಎಲ್ಲಿಡ್ತಿ?”

ನೀಲಪ್ಪ ಭಾಗ್ಯಶ್ರೀಯನ್ನು ನೋಡಿದ, ಶಾಂಭವಿಯ ಬೆನ್ನನ್ನು ನೋಡಿದ. ಇವಳೂ ಅಕ್ಕನ ಮಗಳು, ಅವಳೂ ಅಕ್ಕನ ಮಗಳು. ಆ ರಮೇಶ ಎಂಬ ಪ್ರಾಣಿ ಯಾವ ಹುಡುಗಿಗೆ ಬೊಟ್ಟು ಮಾಡಿದನೋ ಯಾರು ಕಂಡವರು? ತನ್ನ ಮನೆಯಲ್ಲಿ ನಡೆದದ್ದು ರಮೇಶನ ಮನೆಯಲ್ಲೂ ನಡೆದಿರಬೇಕೆಂದು ಎಲ್ಲಿ ಬರೆದಿತ್ತು? ಒಂದು ವಾರ ಪುಸ್ತಕ ಉರು ಹೊಡೆದರೂ ಒಳಗೆ ಇಳಿಯದ ವಿಷಯ, ಎರಡು ಹೆಣ್ಣುಮಕ್ಕಳು ಎದುರಿಗೆ ಇರುವಾಗ ಸುಮ್ಮನೆ ಕಣ್ಣಿಗೆ ಕಂಡಿತು. ಅವನಿಗೆ ನಾಚಿಕೆಯಾಯಿತು. ಇಷ್ಟು ದಿನ ಊರ ತುಂಬ ತಾನು ಒದರಿಕೊಂಡು ಬಂದದ್ದು ಈ ಹುಡುಗಿಯ ಕಿವಿಗೂ ಬಿದ್ದಿರಬೇಕು ಎಂಬುದೂ ಆಗಲೇ ಹೊಳೆಯಿತು. ರಾತ್ರಿ ಚನ್ನಕ್ಕ ಫೋನು ಮಾಡಿದಾಗ ಅವನು ಎತ್ತಲೇ ಇಲ್ಲ.

ಸೋಮವಾರ ಬೆಳಿಗ್ಗೆ ಅವನು ಎಚ್.ಆರ್. ಸಾಹೇಬರ ಮುಂದೆ ನಿಂತು, ತನ್ನ ಅಂಕ ವಾಪಸು ತೆಗೆದುಕೊಳ್ಳಬೇಕೆಂದು ಬೇಡಿಕೊಂಡ. ಅಂಕ ಕೊಡಿ ಎಂದು ಬಂದವರನ್ನು ಸಾಹೇಬರು ಬಹಳ ನೋಡಿದ್ದರು, ಕಳೆಯಿರಿ ಎಂದು ಬಂದವನು ಇವನೇ ಮೊದಲು. ಅದೂ ಅಲ್ಲದೆ ಆ ನೋಟೀಸನ್ನು ಮುಖ್ಯ ಕಚೇರಿಯವರು ಮೆಚ್ಚಿ, ಉಳಿದ ಶಾಖೆಗಳಿಗೂ ಮಾದರಿ ಎಂದು ಕಳಿಸಿದ್ದರು. ಈಗ ತೆಗೆದರೆ ಸಂಪ್ರದಾಯಕ್ಕೆ ಅವಮಾನವಾಗುವುದಿಲ್ಲವೇ ಎಂದು ಸಾಹೇಬರು ಕೇಳಿದರು. ನೀಲಪ್ಪನ ಉತ್ತರ ನೂರಕ್ಕೆ ನೂರು ಸರಿ ಎಂದು ಅವರು, ಅಲ್ಲವೇ ಅಲ್ಲ ಎಂದು ನೀಲಪ್ಪ, ಬಹಳ ಹೊತ್ತು ಹಗ್ಗಜಗ್ಗಾಟ ನಡೆಯಿತು. ಹಿಂದಿನ ವಾರ ಯಾರು ಯಾವ ಕಡೆ ಇದ್ದರು ಎಂಬುದೇ ಮಹಾಲಕ್ಷ್ಮಿಗೆ ಮರೆತುಹೋಗುವಂತಾಯಿತು.

ಕೊನೆಗೆ ನೀಲಪ್ಪ ಹೇಳಿದ. “ಸಾರ್, ನನಗ ಅಕ್ಕನ ಮಕ್ಕಳು ಇಬ್ಬರು. ಹೆಂಡತಿ ಒಬ್ಬಾಕಿನ. ಇಷ್ಟ ನೋಡ್ರಿ ವಿಷಯ.”

ಮಹಾಲಕ್ಷ್ಮಿ ಹಿಂದಿಯಲ್ಲಿ ಹೇಳಿದಳು. ಸಾಹೇಬರು ಎರಡು ಬೆರಳು ಎತ್ತಿ, ಒಂದನ್ನು ಮಡಿಸಿ, ಉಳಿದ ಬೆರಳನ್ನು ಸ್ವಲ್ಪ ಹೊತ್ತು ನೋಡಿದರು. ನೀವು ಹೇಳುವುದು ಸರಿ ಎಂದರು. ಹಾಗಾದರೆ ಹುದ್ದೆ ಹೋಗುತ್ತದಲ್ಲ ಎಂದು ಕೇಳಿದರು. ಹೋಗಲಿ ಎಂದ ನೀಲಪ್ಪ. ಮಧ್ಯಾಹ್ನಕ್ಕೆ ಹಳೆಯ ನೋಟೀಸಿನ ಮೇಲೆ, ಹುದ್ದೆ ಹಣಮಂತನಿಗೆ ಎಂಬ ಹೊಸದು ಬಿತ್ತು. ಅದರ ಕೆಳಗೆ ನೀಲಪ್ಪ ಸೆಕ್ಯೂರಿಟಿಯವರ ಪೆನ್ನು ಇಸಿದುಕೊಂಡು, ‘ಶಾಂಭವಿ ನನಗೆ ಅಕ್ಕನ ಮಗಳು ಮಾತ್ರ’ ಎಂದು ತಾನೇ ಒಂದು ಸಾಲು ಸೇರಿಸಿ ಸಹಿ ಹಾಕಿದ. ಕಂಪನಿಯ ಇತಿಹಾಸದಲ್ಲಿ ಇಂಥ ತಿದ್ದುಪಡಿ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಾರದು.

ಮುತ್ತಣ್ಣ ಬಸ್ಸಿಗೆ ಹೊರಡುವ ಮೊದಲು ಹಣಮಂತ ಅವನನ್ನು ಕರೆತಂದು ಬೋರ್ಡು ಓದಿಸಿದ. ಮುತ್ತಣ್ಣ ಎರಡು ಸಲ ಓದಿ, ಸಹಿ ನೋಡಿ, ಚೀಲವನ್ನು ಮಗನ ಕೈಗೆ ಕೊಟ್ಟು ವಠಾರದ ದಾರಿ ಹಿಡಿದ.

ನಿಶ್ಚಯದ ಊಟ ನಲ್ಲಪ್ಪನವರ ಅಂಗಳದಲ್ಲೇ ಆಯಿತು. ನಲ್ಲಪ್ಪನವರು ತಾತನ ಸುದ್ದಿ ಎತ್ತದಂತೆ ಅವರ ಹೆಂಡತಿ ಅನುಸೂಯಮ್ಮ ಪಕ್ಕದಲ್ಲೇ ಕೂತಿದ್ದರು. ಊರಿನಿಂದ ಬಂದ ಚನ್ನಕ್ಕ ಎಲ್ಲರಿಗೂ ಹೋಳಿಗೆ ಬಡಿಸಿದಳು, ತಮ್ಮನ ಎಲೆಗೆ ಮಾತ್ರ ಬಹಳ ಯೋಚಿಸಿ ಒಂದು ಹಾಕಿದಳು. ಹಣಮಂತ ನೀಲಿ ಅಂಗಿಯಲ್ಲಿದ್ದ. ತನ್ನ ಷಡ್ಡಕನಾಗುವವನ ಕೈಕೆಳಗೇ ನಾಳೆಯಿಂದ ತಾನು ಚೌಕಟ್ಟು ಕೂರಿಸಬೇಕು ಎಂಬುದು ನೀಲಪ್ಪನಿಗೆ ಹೋಳಿಗೆಯ ಜೊತೆಗೇ ಒಳಗೆ ಇಳಿಯುತ್ತಿತ್ತು. ಆದರೂ ವಿದ್ಯೆ ದೊಡ್ಡದು. ಪುಸ್ತಕ ಮುಟ್ಟದ ಹುಡುಗ ಅದು ಹೇಗೆ ಸರಿಯಾದ ಉತ್ತರಕ್ಕೇ ಗುರುತು ಹಾಕಿದ, ಯಾವ ಕ್ರಮದಿಂದ ಬಿಡಿಸಿದ ಎಂದು ಅವನು ಹಣಮಂತನನ್ನು ಕೇಳಿಯೇ ಬಿಟ್ಟ.

ಹಣಮಂತ ಎಲೆ ನೋಡುತ್ತ ಹೇಳಿದ. “ನಾ ಏನೂ ಬಿಡಿಸ್ಲಿಲ್ಲ ಅಣ್ಣಾ. ಪ್ರಶ್ನಿ ಓದಿದ ಕೂಡ್ಲೆ ನೀವು ಶಾಂಭವಿಗೆ ಬೊಟ್ಟು ಮಾಡಿ ನಿಂತಂಗ ಕಂಡ್ತು. ಅದಕ್ಕ ಹೆಂಡತಿ ಅಂತ ಬರಿಯಾಕ ಕೈ ಏಳ್ಲಿಲ್ಲ. ಮ್ಯಾಲಿಂದಕ್ಕ ಗುರ್ತು ಹಾಕಿ ಎದ್ದು ಬಂದೆ.”

ತುಪ್ಪ ಬಡಿಸುತ್ತಿದ್ದ ಭಾಗ್ಯಶ್ರೀ ನೀಲಪ್ಪನ ಮುಂದೆ ಬಂದು ನಿಂತಳು.

“ಹಂಗಾರ ನೀವು ಯಾರನ್ನ ಕಂಡ್ರಿ?” ಎಂದು ಕೇಳಿದಳು.

“ಮತ್ಯಾರನ್ನ? ನಿನ್ನ,” ಎಂದ ನೀಲಪ್ಪ.

ಅವಳು ಬಗ್ಗಿ ಅವನ ಹೋಳಿಗೆಯ ಮೇಲೆ ತುಪ್ಪ ಸುರಿದಳು. “ಹಂಗಾರ ಅದು ತಪ್ಪಲ್ಲ ಬಿಡ್ರಿ,” ಎಂದಳು.

ಅದು ತಪ್ಪೆಂದು ಮೊದಲು ತೋರಿಸಿಕೊಟ್ಟವಳು ನೀನೇ ಅಲ್ಲವೇ ಎಂದು ನೀಲಪ್ಪ ಅವಳನ್ನು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ತಲೆ ಬಗ್ಗಿಸಿ ಊಟ ಮಾಡಿದ.